ಅಜ್ಜಿಕಥೆಗಳ ಹೊಸ ಅವತಾರ ಮತ್ತು ಒಬ್ಬ ಹುಡುಗಿಯ ತಕರಾರು

ಪರೀಕ್ಷೆಗಳು ಮುಗಿದು ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ವಾದ ತಪ್ಪದೆ ಹುಟ್ಟಿಕೊಳ್ಳುತ್ತದೆ. ಮಗಳೋ ಮಗನೋ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿಯೊಂದನ್ನು ಹಿಡಿದು ಮೂಲೆ ಸೇರುತ್ತಾರೆ. ಮುಖಪುಟದ ಮೇಲೆ ಒಂದು ಕೋಟೆ, ಒಂದು ಕಾಡು, ಇಲ್ಲವೆ ನಮಗೆ ಬೆನ್ನು ತೋರಿಸಿ ನಿಂತ ರಾಜಕುಮಾರಿ. ತಂದೆ ಕೇಳುತ್ತಾರೆ, ಹೈಸ್ಕೂಲು ಸೇರಿದ ಮೇಲೂ ಅಡಗೂಲಜ್ಜಿ ಕಥೆಯೆ ಎಂದು. ತಾಯಿಯ ಆಕ್ಷೇಪ ಬೇರೆ: ಇಷ್ಟು ಓದುವ ಹುಮ್ಮಸ್ಸಿದ್ದರೆ ಒಂದು ಕನ್ನಡ ಪುಸ್ತಕವನ್ನಾದರೂ ಓದಬಾರದೆ? ಮಕ್ಕಳು ಉತ್ತರ ಕೊಡುವುದಿಲ್ಲ, ಪುಟ ತಿರುವುತ್ತಾರೆ.

ಈ ಪುಸ್ತಕಗಳಲ್ಲಿ ಒಂದು ಪ್ರತ್ಯೇಕ ಜಾತಿಯಿದೆ. ಸಿಂಡರೆಲಾ, ಸುಂದರಿ ಮತ್ತು ಮೃಗ, ಹುಲ್ಲನ್ನು ಚಿನ್ನವಾಗಿ ನೂಲುವ ಕುಳ್ಳ - ಇಂಥ ನಾಲ್ಕೈದು ಪುಟಗಳ ಹಳೆಯ ಕಥೆಯೊಂದನ್ನು ಎತ್ತಿಕೊಂಡು ಅದನ್ನು ಮುನ್ನೂರು ನಾನೂರು ಪುಟಗಳ ಕಾದಂಬರಿಯಾಗಿ ಬೆಳೆಸುವುದು ಇವುಗಳ ಕ್ರಮ. ಅಮೆರಿಕದಲ್ಲಿ ಕಳೆದ ನಾಲ್ಕೈದು ದಶಕಗಳಲ್ಲಿ ಇದೊಂದು ದೊಡ್ಡ ಬೆಳೆಯಾಗಿದೆ, ಬಹುಪಾಲು ಲೇಖಕಿಯರ ಬೆಳೆ. ನಮ್ಮ ಮಹಾನಗರದ ಪುಸ್ತಕದಂಗಡಿಗಳಲ್ಲಿ ಕಿರಿಯರ ವಿಭಾಗದ ಕಪಾಟುಗಳು ಇವುಗಳಿಂದಲೇ ತುಂಬಿವೆ. ಕನ್ನಡ ಪತ್ರಿಕೆಯಲ್ಲಿ ಇವುಗಳ ವಿಮರ್ಶೆ ಏಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಸರಳ: ನಮ್ಮ ಮಕ್ಕಳು ಓದುತ್ತಿರುವುದು ಇವನ್ನೇ. ಅವರು ಏನು ಓದುತ್ತಾರೆ ಎಂಬುದರ ಬಗ್ಗೆ ನಾವೆಲ್ಲ ಮಾತಾಡಿದ್ದೇವೆ. ಓದಿ ಏನೆನ್ನುತ್ತಾರೆ ಎಂಬುದನ್ನು ಕೇಳಿದವರು ಕಡಿಮೆ.

ತಂದೆಯರ ಆಕ್ಷೇಪವನ್ನು ಮೊದಲು ಮುಗಿಸಿಬಿಡೋಣ. ಹೇಳಿದ ಕಥೆಯನ್ನೇ ಮತ್ತೆ ಹೇಳುವುದು ಎಳಸು ಕೆಲಸವೆಂದಾದರೆ ಕನ್ನಡ ಸಾಹಿತ್ಯದ ಅರ್ಧಭಾಗವನ್ನು ಕಟ್ಟಿಡಬೇಕಾದೀತು. ಪಂಪ 941ರಲ್ಲಿ ಭಾರತದ ಕಥೆ ಹೇಳುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬ್ರೌನಿಂಗ್ ಕವಿ ಇಂಗ್ಲಿಷಿನಲ್ಲಿ ಹೇಳಿದ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ. ನಮ್ಮೂರ ಇಲಿಗಳು ಅದರೊಳಗೆ ಎಷ್ಟು ಚೆನ್ನಾಗಿ ಹೊಕ್ಕಿವೆಯೆಂದರೆ ಅದು ಪರದೇಶದ್ದೆಂದು ಯಾರಿಗೂ ಅನ್ನಿಸುವುದೇ ಇಲ್ಲ. 1979ರಲ್ಲಿ ಭೈರಪ್ಪನವರ 'ಪರ್ವ' ಬಂದಾಗ ಇದೇ ತಂದೆಯರ ಪೀಳಿಗೆ ರಾತ್ರಿಯಿಡೀ ಕುಳಿತು ಕುಂತಿಯ ಬಗ್ಗೆ, ನಿಯೋಗದ ಬಗ್ಗೆ ಜಗಳವಾಡಿತ್ತು. ಅವರು ಮಾಡಿದರೆ ಚರ್ಚೆ, ಮಗಳು ಮಾಡಿದರೆ ಅಡಗೂಲಜ್ಜಿ ಕಥೆ ಎಂಬುದು ಯಾವ ನ್ಯಾಯ? 'ಮೂಲ' ಎಂದು ನಾವು ಗೌರವಿಸುವ ಗ್ರಿಮ್ ಸಹೋದರರ ಸಂಗ್ರಹ ಕೂಡ ನಿಂತ ನೀರಲ್ಲ. 1812ರ ಮೊದಲ ಆವೃತ್ತಿಯಲ್ಲಿ ಹಿಮಬಿಳುಪಿನ ಹುಡುಗಿಯನ್ನು ಕೊಲ್ಲಿಸಹೊರಟವಳು ಅವಳ ಹೆತ್ತ ತಾಯಿ. 1819ರ ಆವೃತ್ತಿಯ ಹೊತ್ತಿಗೆ ಅವಳು ಮಲತಾಯಿಯಾಗಿದ್ದಳು.

ಇನ್ನು ನಮ್ಮ ಓದುಗಿಯ ವಿಷಯ. ಅವಳಿಗೆ ಹದಿನಾಲ್ಕು ವರ್ಷ. ಹುಟ್ಟಿದ್ದು ಬೆಳೆದದ್ದು ಮುಂಬಯಿಯ ಉಪನಗರವೊಂದರಲ್ಲಿ. ಮನೆಯಲ್ಲಿ ಧಾರವಾಡದ ಕಡೆಯ ಕನ್ನಡ, ಕಟ್ಟಡದ ಕೆಳಗೆ ಹಿಂದಿ, ತರಕಾರಿಯವಳೊಂದಿಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾಳೆ, ಓದಲು ಬಾರದು. ಇಂಥ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆಂದು ಓದುಗರಿಗೆ ಹೇಳಬೇಕಾದ್ದಿಲ್ಲ. ಎರಡು ವರ್ಷಗಳಲ್ಲಿ ಅವಳು ಈ ಬಗೆಯ ಹತ್ತು ಹದಿನೈದು ಕಾದಂಬರಿಗಳನ್ನು ಮುಗಿಸಿದ್ದಾಳೆ. ಅವುಗಳಲ್ಲಿ ಕೆಲವನ್ನು ಅವಳ ಹಿಂದೆಯೇ ನಾವೂ ಓದಿದೆವು, ಅವಳು ಹೇಳಿದ್ದನ್ನು ಗುರುತು ಹಾಕಿಕೊಂಡೆವು. ಅವಳ ವಿಮರ್ಶೆಯ ಪರಿಭಾಷೆ ಚಿಕ್ಕದು. ಹಿಡಿಸದ್ದಕ್ಕೆ 'ಚೀಟಿಂಗ್' ಎನ್ನುತ್ತಾಳೆ. ಹಿಡಿಸಿದ್ದಕ್ಕೆ ಏನೂ ಅನ್ನದೆ ಕಥೆಯನ್ನು ಮೊದಲಿನಿಂದ ಹೇಳತೊಡಗುತ್ತಾಳೆ.

ರಾಬಿನ್ ಮೆಕಿನ್ಲಿಯ 'ಬ್ಯೂಟಿ' ಈ ಬೆಳೆಯ ಮೊದಲ ಪೈರುಗಳಲ್ಲೊಂದು, 1978ರದು, ಆ ಲೇಖಕಿಯ ಮೊದಲ ಪುಸ್ತಕ ಕೂಡ. ಸುಂದರಿ ಮತ್ತು ಮೃಗದ ಕಥೆಯನ್ನು ಫ್ರಾನ್ಸಿನ ವಿಲ್‌ನೆವ್ ಎಂಬಾಕೆ 1740ರಲ್ಲಿ ದೀರ್ಘವಾಗಿಯೂ ಬೊಮೋಂ ಎಂಬಾಕೆ 1756ರಲ್ಲಿ ಸಂಗ್ರಹವಾಗಿಯೂ ಬರೆದಿದ್ದರು. ನಮ್ಮೆಲ್ಲರಿಗೆ ತಲುಪಿದ್ದು ಎರಡನೆಯದರ ವಂಶ. ಮೆಕಿನ್ಲಿ ಅದರಲ್ಲಿ ಮಾಡಿದ ಬದಲಾವಣೆ ಮೇಲ್ನೋಟಕ್ಕೆ ಸಣ್ಣದು. ಅವಳ ನಾಯಕಿಯ ನಿಜವಾದ ಹೆಸರು 'ಆನರ್'. ಐದನೆಯ ವಯಸ್ಸಿನಲ್ಲಿ ಆ ಪದದ ಅರ್ಥ ಕೇಳಿ, ಅದಕ್ಕಿಂತ ಬ್ಯೂಟಿಯೇ ವಾಸಿ ಎಂದಿದ್ದಕ್ಕೆ ಅಂಟಿಕೊಂಡ ಅಡ್ಡಹೆಸರು ಬ್ಯೂಟಿ. ಬೆಳೆದಂತೆ ಅವಳು ರೂಪವತಿಯಾಗುವುದಿಲ್ಲ. ಕುಳ್ಳಿ, ಮೂಳೆ ಮೂಳೆಯ ಮೈ, ಕುದುರೆ ಮತ್ತು ಗ್ರೀಕ್ ಪುಸ್ತಕಗಳ ಹುಚ್ಚು. ಅಕ್ಕಂದಿರು ಕೆಟ್ಟವರಲ್ಲ, ಒಳ್ಳೆಯವರು. ಮೃಗದ ಕೋಟೆಯಲ್ಲೊಂದು ಗ್ರಂಥಾಲಯವಿದೆ, ಅಲ್ಲಿ ಇನ್ನೂ ಬರೆಯದಿರುವ ಪುಸ್ತಕಗಳೂ ಇವೆ! ಪುಸ್ತಕಪ್ರೇಮಿ ಬೆಲ್ ಡಿಸ್ನಿಯವರ ಚಿತ್ರದಲ್ಲಿ ಬಂದದ್ದು 1991ರಲ್ಲಿ, ಇದಾದ ಹದಿಮೂರು ವರ್ಷಗಳ ಮೇಲೆ.

ಹುಡುಗಿ ಈ ಪುಸ್ತಕವನ್ನು ಎರಡು ದಿನದಲ್ಲಿ ಓದಿದಳು, ಕೊನೆಯ ಹತ್ತು ಪುಟಗಳಿಗೆ ಸಿಟ್ಟಾದಳು. ಶಾಪ ಕಳೆದು ಮೃಗ ಮನುಷ್ಯನಾದ ಮೇಲೆ ನಾಯಕಿ ಕನ್ನಡಿ ನೋಡಿಕೊಳ್ಳುತ್ತಾಳೆ, ಅಲ್ಲಿ ಚೆಲುವೆಯೊಬ್ಬಳು ನಿಂತಿದ್ದಾಳೆ. "ಇಡೀ ಪುಸ್ತಕ ಅವಳು ಚೆಂದ ಇಲ್ಲ ಅಂತ ಹೇಳಿ, ಕೊನೆಗೆ ಚೆಂದ ಮಾಡಿಬಿಟ್ಟರು. ಚೀಟಿಂಗ್." ಅವಳ ತಾಯಿ ನಕ್ಕು, ಕಥೆ ಎಂದಮೇಲೆ ಸುಖಾಂತ ಬೇಡವೆ ಎಂದರು. ಹುಡುಗಿ ಸುಖಾಂತವನ್ನು ಆಕ್ಷೇಪಿಸಿರಲಿಲ್ಲ. ಲೇಖಕಿ ಮೊದಲ ಪುಟದಲ್ಲಿ ಕೊಟ್ಟ ಮಾತನ್ನು ಕೊನೆಯ ಪುಟದಲ್ಲಿ ಮುರಿದಳೆಂಬುದು ಅವಳ ದೂರು, ಅದು ಕೃತಿಯ ಶಿಲ್ಪದ ಬಗ್ಗೆ ಎತ್ತಿದ ಪ್ರಶ್ನೆ. ಮೆಕಿನ್ಲಿ ಹತ್ತೊಂಬತ್ತು ವರ್ಷಗಳ ನಂತರ, 1997ರಲ್ಲಿ, ಇದೇ ಕಥೆಯನ್ನು 'ರೋಸ್ ಡಾಟರ್' ಎಂಬ ಹೆಸರಿನಲ್ಲಿ ಮತ್ತೊಮ್ಮೆ ಬರೆದಳು. ಅಲ್ಲಿ ಆಯ್ಕೆಯ ಗಳಿಗೆ ಬಂದಾಗ ನಾಯಕಿ ಮೃಗ ಮೃಗವಾಗಿಯೇ ಉಳಿಯಲೆಂದು ಬಯಸುತ್ತಾಳೆ, ಉಳಿಯುತ್ತದೆ. ಒಂದೇ ಕಥೆಯನ್ನು ಎರಡು ಸಲ ಕಾದಂಬರಿಯಾಗಿಸಲು ಲೇಖಕಿಗೆ ಅವಳದೇ ಕಾರಣಗಳಿದ್ದಿರಬೇಕು. ಆದರೆ ಮುಂಬಯಿಯ ಹುಡುಗಿ ಎತ್ತಿದ ತಕರಾರಿಗೆ ಅಲ್ಲೊಂದು ಉತ್ತರವಿದೆ ಎಂಬುದಂತೂ ನಿಜ. ಅಂಥದ್ದೊಂದು ಪುಸ್ತಕವಿದೆ ಎಂದಷ್ಟೇ ಅವಳಿಗೆ ಹೇಳಿದ್ದೇವೆ, ಅಂತ್ಯ ಹೇಳಿಲ್ಲ. ಅವಳ ತಾಯಿ ಈ ಪುಟವನ್ನು ಅವಳಿಗೆ ಓದಿಹೇಳದಿರಲಿ ಎಂದು ಪ್ರಾರ್ಥನೆ.

ಮರಿಸಾ ಮೇಯರಳ 'ಸಿಂಡರ್' (2012) ಬೇರೆಯೇ ಲೋಕದ್ದು. ಯುದ್ಧಗಳೆಲ್ಲ ಮುಗಿದ ಮೇಲಿನ 'ನ್ಯೂ ಬೀಜಿಂಗ್' ನಗರ, ಸಂತೆಯಲ್ಲಿ ಯಂತ್ರ ದುರಸ್ತಿ ಮಾಡುವ ಹುಡುಗಿ, ಅವಳ ಮೈಯೇ ಅರ್ಧ ಯಂತ್ರ. ಮಲತಾಯಿ, ರಾಜಕುಮಾರ, ನೃತ್ಯಕೂಟ ಎಲ್ಲ ಇವೆ. ಆದರೆ ಅರಮನೆಯ ಮೆಟ್ಟಿಲ ಮೇಲೆ ಕಳಚಿ ಬೀಳುವುದು ಗಾಜಿನ ಪಾದರಕ್ಷೆಯಲ್ಲ, ಅಳತೆಗೆ ಚಿಕ್ಕದಾದ ಅವಳ ಲೋಹದ ಪಾದ! ಈ ಒಂದು ಕಲ್ಪನೆಗಾಗಿ ಪುಸ್ತಕದ ಎಷ್ಟೋ ಸಡಿಲ ಪುಟಗಳನ್ನು ನಾವು ಕ್ಷಮಿಸಲು ಸಿದ್ಧ. ಕಾಲಿಗೆ ಹೊಂದುವ ಚಪ್ಪಲಿ ಹುಡುಕುವ ಹಳೆಯ ಕಥೆ ಇಲ್ಲಿ ದೇಹಕ್ಕೆ ಹೊಂದದ ಕಾಲಿನ ಕಥೆಯಾಗಿದೆ. ಬೆಳೆಯುವ ವಯಸ್ಸಿನವರಿಗೆ ತಮ್ಮ ಕೈಕಾಲುಗಳೇ ಪರಕೀಯವೆನಿಸುವುದು ಇದ್ದದ್ದೇ ಅಷ್ಟೆ. ನಮ್ಮ ಓದುಗಿ ಈ ಭಾಗವನ್ನು ಏನೂ ಅನ್ನದೆ ಪೂರ್ತಿ ಹೇಳಿದಳು, ಎಂದರೆ ಹಿಡಿಸಿತು. ಹಿಡಿಸದ್ದು, ಸಿಂಡರ್ ನಿಜಕ್ಕೂ ಚಂದ್ರಲೋಕದ ಕಳೆದುಹೋದ ರಾಜಕುಮಾರಿ ಎಂದು ಕೊನೆಗೆ ಬಯಲಾಗುವುದು. ಮೆಕ್ಯಾನಿಕ್ ಆಗಿದ್ದರೆ ಸಾಲದೆ, ಎಲ್ಲರೂ ಯಾಕೆ ರಾಜಕುಮಾರಿಯೇ ಆಗಬೇಕು ಎಂದು ಅವಳ ಪ್ರಶ್ನೆ. ಅವಳ ತಂದೆ ಅಂಧೇರಿಯ ಕಡೆ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಉಸ್ತುವಾರಿ ನೋಡುವವರು. ಆ ದಿನ ಅವರು ಚಹಾ ಕುಡಿಯುತ್ತ ಪಕ್ಕದಲ್ಲೇ ಕುಳಿತಿದ್ದರು, ಪುಸ್ತಕದ ಬಗ್ಗೆ ಮೊದಲ ಸಲ ಒಂದು ಪ್ರಶ್ನೆ ಕೇಳಿದರು.

ಗೇಲ್ ಕಾರ್ಸನ್ ಲೆವೀನ್ ಬರೆದ 'ಎಲಾ ಎನ್‌ಚಾಂಟೆಡ್' (1997) ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಈ ಜಾತಿಯಲ್ಲಿ ಬಹುಶಃ ಎಲ್ಲಕ್ಕಿಂತ ಪರಿಚಿತ ಪುಸ್ತಕ ಅದೇ. ಸಿಂಡರೆಲಾ ಮಲತಾಯಿಯ ಮಾತನ್ನು ಏಕೆ ಅಷ್ಟು ತೆಪ್ಪಗೆ ಕೇಳಿದಳು ಎಂಬ ಒಂದೇ ಪ್ರಶ್ನೆಯ ಮೇಲೆ ಲೆವೀನ್ ಪುಸ್ತಕ ಕಟ್ಟಿದ್ದಾಳೆ. ಹುಟ್ಟಿದಾಗ ಅಪ್ಸರೆಯೊಬ್ಬಳು ಕೊಟ್ಟ ವರ ಅದಕ್ಕೆ ಕಾರಣ, ವರವೆಂದರೆ ವಿಧೇಯತೆ. ಯಾರೇ ಆಜ್ಞೆ ಮಾಡಲಿ, ಎಲಾ ಪಾಲಿಸಲೇಬೇಕು. ಮಕ್ಕಳು ಹೇಳಿದ ಹಾಗೆ ಕೇಳಬೇಕೆಂದು ಬಯಸುವ ತಾಯಿತಂದೆಯರೆಲ್ಲ ಓದತಕ್ಕ ಪುಸ್ತಕ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಿದ್ದು ಶಾನನ್ ಹೇಲ್ ಬರೆದ 'ದಿ ಗೂಸ್ ಗರ್ಲ್' (2003) ಬಗ್ಗೆ. ಗ್ರಿಮ್ ಸಂಗ್ರಹದ ಮೂಲಕಥೆ ಚಿಕ್ಕದು. ದೂರದೇಶದ ರಾಜಕುಮಾರನಿಗೆ ನಿಶ್ಚಯವಾದ ರಾಜಕುಮಾರಿ ಒಬ್ಬ ದಾಸಿಯೊಂದಿಗೆ ಹೊರಡುತ್ತಾಳೆ, ತಾಯಿ ಮೂರು ಹನಿ ರಕ್ತ ಬಿದ್ದ ಬಟ್ಟೆಯನ್ನು ಕಾವಲಿಗೆ ಕೊಟ್ಟಿರುತ್ತಾಳೆ, ಅದು ಹೊಳೆಯಲ್ಲಿ ತೇಲಿಹೋಗುತ್ತದೆ. ದಾಸಿ ಅವಳ ಉಡುಪು ಕುದುರೆಗಳನ್ನು ಕಸಿದು, ಯಾರಿಗೂ ಹೇಳೆನೆಂದು ಬಯಲ ಬಾನಿನಡಿ ಆಣೆ ಮಾಡಿಸಿ, ತಾನೇ ವಧುವಾಗಿ ಅರಮನೆ ಸೇರುತ್ತಾಳೆ. ನಿಜವಾದ ವಧು ಹೆಬ್ಬಾತು ಕಾಯುವ ಕೆಲಸಕ್ಕೆ ಹೋಗುತ್ತಾಳೆ. ಮಾತಾಡುವ ಕುದುರೆ ಫಲಾಡಾನ ತಲೆ ಕಡಿದು ಊರಬಾಗಿಲಿಗೆ ಬಡಿಯುತ್ತಾರೆ. ಕೊನೆಗೆ ಮುದಿರಾಜ, ಮನುಷ್ಯರಿಗೆ ಹೇಳಲಾಗದಿದ್ದರೆ ಕಬ್ಬಿಣದ ಒಲೆಗೆ ಹೇಳಿಕೋ ಎನ್ನುತ್ತಾನೆ. ಅವಳು ಒಲೆಯೊಳಗೆ ಹೊಕ್ಕು ಅಳುತ್ತ ಹೇಳಿಕೊಳ್ಳುತ್ತಾಳೆ, ಅವನು ಕೊಳವೆಯಲ್ಲಿ ಕೇಳಿಸಿಕೊಳ್ಳುತ್ತಾನೆ.

ಈ ಕಥೆಯನ್ನು ಡಿಸ್ನಿಯವರು ಚಿತ್ರ ಮಾಡಿಲ್ಲ. ಆದ್ದರಿಂದ ನಮ್ಮ ಹುಡುಗಿಗೆ ಇದರ ಗಂಧವೂ ಇರಲಿಲ್ಲ, ಹೊಚ್ಚಹೊಸ ಕಾದಂಬರಿಯೆಂದೇ ಓದಿದಳು. ಹೇಲ್ ತನ್ನ ಪುಸ್ತಕವನ್ನು ಕಟ್ಟಿರುವುದು ಮಾತಿನ ಮೇಲೆ. ರಾಜಕುಮಾರಿ ಆನಿಗೆ ಅತ್ತೆಯೊಬ್ಬಳು ಚಿಕ್ಕಂದಿನಲ್ಲಿ ಹಕ್ಕಿಗಳ ಭಾಷೆ ಕಲಿಸಿದ್ದಾಳೆ, ರಾಣಿಗೆ ಅದು ಸೇರದು. ಆ ಲೋಕದಲ್ಲಿ ಮೂರು ಬಗೆಯ ವಾಕ್‌ಶಕ್ತಿಗಳಿವೆ: ಮನುಷ್ಯರೊಂದಿಗೆ ಮಾತಾಡಿ ಒಲಿಸುವುದು, ಪ್ರಾಣಿಗಳೊಂದಿಗೆ ಮಾತಾಡುವುದು, ಗಾಳಿಯಂಥ ಪ್ರಕೃತಿಶಕ್ತಿಗಳೊಂದಿಗೆ ಮಾತಾಡುವುದು. ಮೊದಲನೆಯದು ರಾಣಿಗಿದೆ, ಮೋಸ ಮಾಡುವ ಸಖಿಗೂ ಇದೆ, ಮಗಳಿಗಿಲ್ಲ. ಬೇಯರ್ನ್ ದೇಶದಲ್ಲಿ ಹೆಬ್ಬಾತು ಕಾಯುವವಳಾದಾಗ ಆನಿ ಹೆಸರನ್ನು ಬದಲಿಸುತ್ತಾಳೆ, ತಲೆಗೂದಲನ್ನು ಮುಚ್ಚಿಕೊಳ್ಳುತ್ತಾಳೆ, ಕಾಡಿನ ಕಡೆಯವರ ಉಚ್ಚಾರವನ್ನು ನಾಲಿಗೆಗೆ ಕೂಡಿಸಿಕೊಳ್ಳುತ್ತಾಳೆ. ಹೀಗೆ ಬಚಾವಾಗುತ್ತಾಳೆ.

ಹುಡುಗಿ ಕಥೆ ಹೇಳುತ್ತ ಹೇಳುತ್ತ ಇಲ್ಲಿ ನಿಂತಳು. ಊರಿಗೆ ಹೋದಾಗ ತನ್ನ ಕನ್ನಡ ಕೇಳಿ ಸೋದರಮಾವನ ಮಕ್ಕಳು 'ಬೊಂಬಾಯಿ ಕನ್ನಡ' ಎಂದು ನಗುತ್ತಾರೆಂದೂ, ಅದಕ್ಕೇ ಎರಡು ದಿನದಲ್ಲಿ ಅವರ ಹಾಗೆಯೇ ಎಳೆದು ಮಾತಾಡುವುದನ್ನು ಕಲಿತುಬಿಡುತ್ತೇನೆಂದೂ, ಇಲ್ಲಿಗೆ ಬಂದು ಶಾಲೆಯಲ್ಲಿ ಇಂಗ್ಲಿಷನ್ನು ಇನ್ನೊಂದು ಥರ ಆಡುತ್ತೇನೆಂದೂ ಹೇಳಿದಳು. ದುಃಖದಿಂದ ಹೇಳಿದ್ದಲ್ಲ, ಲೇಖಕಿಗೆ ಈ ಸಂಗತಿ ಗೊತ್ತಿದೆಯಲ್ಲ ಎಂಬ ಬೆರಗಿನಿಂದ ಹೇಳಿದ್ದು. ಅಮೆರಿಕದ ಯೂಟಾ ಕಡೆಯ ಲೇಖಕಿಯೊಬ್ಬಳು ಜರ್ಮನಿಯ ಕಥೆಯೊಂದನ್ನು ಬೆಳೆಸಿ ಬರೆದದ್ದು ಮುಂಬಯಿಯ ಕನ್ನಡ ಹುಡುಗಿಯ ನಾಲಿಗೆಯ ಗುಟ್ಟನ್ನು ಮುಟ್ಟಿತು. ಕನ್ನಡ ಪುಸ್ತಕ ಓದಬಾರದೆ ಎಂದು ಕೇಳುವ ನಾವು, ವಲಸೆಯ ಮಗುವಿನ ಈ ಸಂಗತಿಯನ್ನು ಅದರ ವಯಸ್ಸಿಗೆ ತಕ್ಕಂತೆ ಹೇಳುವ ಎಷ್ಟು ಕನ್ನಡ ಪುಸ್ತಕಗಳನ್ನು ಅದರ ಕೈಗೆ ಕೊಟ್ಟಿದ್ದೇವೆ?

ಆಮೇಲೆ ಗ್ರಿಮ್ ಕಥೆಯನ್ನು ಹುಡುಕಿ ಕೊಟ್ಟೆವು. ಹತ್ತು ನಿಮಿಷದಲ್ಲಿ ಓದಿ, ಇದು ತಣ್ಣಗಿದೆ ಎಂದಳು. ತುಸು ಹೊತ್ತಿನ ಮೇಲೆ ಇನ್ನೊಂದು ಮಾತು ಸೇರಿಸಿದಳು: ಒಲೆಗೆ ಹೇಳಿಕೊಳ್ಳುವುದು ಮಾತ್ರ ಇದರಲ್ಲೇ ಚೆನ್ನಾಗಿದೆ. ಕಾದಂಬರಿಯಲ್ಲಿ ನಾಯಕಿಗೆ ಗೆಳೆಯರಿದ್ದಾರೆ, ಪುಟಗಟ್ಟಲೆ ಸಂಭಾಷಣೆಯಿದೆ, ಗಾಳಿಯೇ ಅವಳ ಕೈಯಾಯುಧವಾಗುತ್ತದೆ. ಗ್ರಿಮ್‌ನ ಹುಡುಗಿಗೆ ಅಂಥದೇನೂ ಇಲ್ಲ, ಆಣೆಗೆ ಕಟ್ಟುಬಿದ್ದ ಬಾಯಿ ಮತ್ತು ಒಂದು ಕಬ್ಬಿಣದ ಒಲೆ ಮಾತ್ರ. ಮರುಕಥನದ ಕಾದಂಬರಿಗಳ ದೊಡ್ಡ ದೌರ್ಬಲ್ಯ ಇಲ್ಲೇ ಇದೆಯೆಂದು ನಮ್ಮ ಅಭಿಪ್ರಾಯ. ಹಳೆಯ ಕಥೆ ಕಾರಣ ಹೇಳುವುದಿಲ್ಲ, ಕಾದಂಬರಿಗೆ ಕಾರಣ ಹೇಳದೆ ಇರಲಾಗದು. ಪ್ರತಿಯೊಂದಕ್ಕೂ ಹಿನ್ನೆಲೆ, ಮನಸ್ಸಿನ ವಿವರ, ಸಮಜಾಯಿಷಿ. ಓದುಗನ ಪಾಲಿಗೆ ಬಿಟ್ಟ ಖಾಲಿ ಜಾಗವನ್ನೆಲ್ಲ ಲೇಖಕಿಯೇ ತುಂಬಿಬಿಡುತ್ತಾಳೆ. 1949ರಿಂದ ಕನ್ನಡದಲ್ಲಿ ಬರತೊಡಗಿದ, ಈಗ ನಿಂತುಹೋಗಿರುವ 'ಚಂದಮಾಮ'ದಲ್ಲಿ ಬೇತಾಳ ಪ್ರತಿ ಕಥೆಯ ಕೊನೆಗೆ ವಿಕ್ರಮನಿಗೊಂದು ಪ್ರಶ್ನೆ ಹಾಕುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಉತ್ತರವನ್ನು ವಿಕ್ರಮ ಹೇಳುವ ಮೊದಲು ನಾವು ಪುಟವನ್ನು ಕೈಯಿಂದ ಮುಚ್ಚಿ ಯೋಚಿಸುತ್ತಿದ್ದೆವಲ್ಲ, ಆ ವಿರಾಮವನ್ನು ಈ ದಪ್ಪ ಪುಸ್ತಕಗಳು ಕೊಡುವುದು ಅಪರೂಪ.

ಕೊಡುವ ಒಂದನ್ನು ಹೇಳಬೇಕು. ನವೋಮಿ ನೋವಿಕ್ ಬರೆದ 'ಸ್ಪಿನ್ನಿಂಗ್ ಸಿಲ್ವರ್' (2018). ಹುಲ್ಲನ್ನು ಚಿನ್ನವಾಗಿ ನೂಲುವ ಕುಳ್ಳನ ಕಥೆ ಇದರ ಬೀಜ. ಆ ಕಥೆಯಲ್ಲಿ ಹುಲ್ಲು ಚಿನ್ನವಾಗದಿದ್ದರೆ ತಲೆ ತೆಗೆಯುತ್ತೇನೆಂದ ದುರಾಸೆಯ ರಾಜನಿಗೆ ಶಿಕ್ಷೆಯಿಲ್ಲ, ಅವನು ವರನಾಗುತ್ತಾನೆ. ಮೂರು ರಾತ್ರಿ ಜೀವ ಉಳಿಸಿಕೊಟ್ಟ ಕುಳ್ಳ, ಒಪ್ಪಿದ ಸಾಲ ಕೇಳಲು ಬಂದದ್ದಕ್ಕೆ ಖಳನಾಗುತ್ತಾನೆ! ನೋವಿಕ್ ಈ ಅನ್ಯಾಯದ ಎಳೆಯನ್ನು ಹಿಡಿದಿದ್ದಾಳೆ. ಅವಳ ತಂದೆಯ ಕಡೆಯವರು ಲಿಥುವೇನಿಯಾದ ಯೆಹೂದಿಗಳು. ನಾಯಕಿ ಮಿರಿಯೆಮ್ ಲೇವಾದೇವಿಗಾರನ ಮಗಳು. ತಂದೆಯ ಮೃದುತನದಿಂದ ಮನೆ ಬಡವಾದಾಗ ತಾನೇ ವಸೂಲಿಗೆ ಹೊರಡುತ್ತಾಳೆ. ಸಾಲ ಪಡೆದಾಗ ಕೈಮುಗಿದವರು ತೀರಿಸುವಾಗ ಉಗುಳುವುದನ್ನು ಕಾಣುತ್ತಾಳೆ. ಯುರೋಪಿನ ಕಥೆಗಳಲ್ಲಿ ಚಿನ್ನದ ಲೆಕ್ಕ ಕೇಳುವ ವಿಕಾರ ರೂಪಿನ ಪರಕೀಯ ಯಾರ ನೆರಳು ಎಂಬುದನ್ನು ಹೀಗೆ ಒಂದು ಉಪದೇಶವೂ ಇಲ್ಲದೆ ಕಾಣಿಸಿಕೊಟ್ಟಿದ್ದಾಳೆ.

ನಮ್ಮ ಓದುಗಿಗೆ ಈ ಪುಸ್ತಕ ಪೂರಾ ಒಗ್ಗಲಿಲ್ಲ. ಹೇಳುವವರು ಬಹಳ, ಯಾರು ಮಾತಾಡುತ್ತಿದ್ದಾರೆಂದೇ ತಿಳಿಯುವುದಿಲ್ಲ ಎಂದಳು. ಅದೂ ನಿಜವೇ, ನಡುಭಾಗ ಜಗ್ಗುತ್ತದೆ. ಆದರೆ ಹೇಳುವವರು ಬದಲಾದಂತೆ ಖಳರೂ ಬದಲಾಗುವ ಅದರ ನ್ಯಾಯ ನಮಗೆ ಮೆಚ್ಚಿಗೆಯಾಯಿತು, ಈ ವಿಷಯದಲ್ಲಿ ಅವಳಿಗೂ ನಮಗೂ ರಾಜಿಯಾಗಲಿಲ್ಲ. ಆದರೂ ಒಂದು ಪಾತ್ರ ಅವಳ ಮನಸ್ಸಿನಲ್ಲಿ ನಿಂತಿತು. ವಾಂಡಾ ಎಂಬ ರೈತನ ಮಗಳು, ಕುಡುಕ ತಂದೆಯ ಸಾಲಕ್ಕೆ ಪ್ರತಿಯಾಗಿ ಲೇವಾದೇವಿಗಾರನ ಮನೆಯಲ್ಲಿ ದುಡಿಯುವವಳು. ಅಲ್ಲಿ ಅವಳು ಲೆಕ್ಕದ ಪುಸ್ತಕದ ಅಂಕಿಗಳನ್ನು ಗುರುತಿಸಲು ಕಲಿಯುತ್ತಾಳೆ, ಅದನ್ನು ಮಂತ್ರವಿದ್ಯೆಯೆಂದೇ ಭಾವಿಸುತ್ತಾಳೆ. ಹಿಮದ ರಾಜ, ಬೆಂಕಿಯ ಪಿಶಾಚಿ ಎಲ್ಲ ಇರುವ ಕಾದಂಬರಿಯಲ್ಲಿ ನಿಜವಾದ ಮಾಯೆ ಕೂಡುವ ಕಳೆಯುವ ಲೆಕ್ಕ! ಓದಲು ಬಾರದವಳಿಗೆ ಅಕ್ಷರ ಹಾಗೆಯೇ ಕಾಣುತ್ತದೆ ಎಂದಾಗ ಹುಡುಗಿ, ನನಗೆ ಕನ್ನಡ ಹಾಗೆಯೇ ಎಂದಳು. ಅಂಗಡಿಗಳ ಹಲಗೆಯ ಮೇಲಿನ 'ಅ' ಮತ್ತು 'ಕ' ಮಾತ್ರ ತನಗೆ ಗೊತ್ತಂತೆ.

ಇಷ್ಟು ಓದಿದವಳ ಬಳಿ ಅಳತೆಗೋಲು ಯಾವುದು ಎಂದು ನೋಡಿದರೆ ಅದು ಡಿಸ್ನಿ ಚಿತ್ರಗಳು, 1950ರ ಸಿಂಡರೆಲಾ ಮತ್ತು 1991ರ ಸುಂದರಿ. ಮರುಕಥನ ಎಂಬುದು ಅರ್ಧ ಪುಸ್ತಕ. ಉಳಿದರ್ಧ ಓದುಗನ ಕಿವಿಯಲ್ಲಿ ಮೊದಲೇ ಇರಬೇಕು. 'ಪರ್ವ' ಓದಿದವರ ಕಿವಿಯಲ್ಲಿ ಕುಮಾರವ್ಯಾಸನಿದ್ದ, ಯಕ್ಷಗಾನದ ಕೌರವನಿದ್ದ, ಮನೆಯ ಹಿರಿಯರು ಹೇಳಿದ ಭಾರತವಿತ್ತು. ಈ ಹುಡುಗಿಯ ಕಿವಿಯಲ್ಲಿ ಒಂದು ಚಲನಚಿತ್ರವಿದೆ. ಅವಳ ಅಜ್ಜಿಗೆ ಕಥೆಗಳು ಬರುತ್ತವೆ. ಆದರೆ ವರ್ಷಕ್ಕೊಮ್ಮೆ ಹದಿನೈದು ದಿನ ಇಲ್ಲಿಗೆ ಬರುವ ಅಜ್ಜಿ ಮೊಮ್ಮಗಳಿಗೆ ಇಂಗ್ಲಿಷ್ ಕಥೆಗಳೇ ಇಷ್ಟವೆಂದು ತಿಳಿದು ತೆಪ್ಪಗಿರುತ್ತಾರೆ.

ಸಿಂಡರೆಲಾ ಕನ್ನಡದವಳೂ ಹೌದು. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ (1929-1993) ಐವತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದರು, ಆ ಸೀಮೆಯ ಹೆಂಗಸರ ಬಾಯಿಂದ ಕಥೆಗಳನ್ನು ಬರೆದುಕೊಂಡವರು. ಅವರು ಸಂಗ್ರಹಿಸಿದ 'ಹಂಚಿ' ಎಂಬ ಕನ್ನಡ ಕಥೆ ಮತ್ತು ಅದರ ಮೇಲಿನ ಅವರ ಲೇಖನ, 1982ರಲ್ಲಿ ಅಲನ್ ಡಂಡಿಸ್ ಸಿಂಡರೆಲಾ ಕುರಿತು ಸಂಪಾದಿಸಿದ ಇಂಗ್ಲಿಷ್ ಸಂಪುಟದಲ್ಲಿವೆ. ಕಥೆ ಹೀಗೆ. ಮುದುಕಿಯೊಬ್ಬಳಿಗೆ ಮಗ, ಮಗಳು. ಮಗಳದು ಬಂಗಾರದ ಕೂದಲು. ಅದನ್ನು ಕಂಡ ಅಣ್ಣನಿಗೇ ಮೋಹ ಹುಟ್ಟಿ, ಅವಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿಯುತ್ತಾನೆ. ತಾಯಿ ಮಗಳ ಮುಖಕ್ಕೊಂದು ಮಣ್ಣಿನ ಮುಖವಾಡ ಮಾಡಿಸಿ, ಅಕ್ಕಿ ಗಂಟು ಕಟ್ಟಿಕೊಟ್ಟು, ದೂರ ಹೋಗಿ ಬದುಕಿಕೋ ಎಂದು ಕಳಿಸುತ್ತಾಳೆ. ಹಂಚಿನ ಮುಖದವಳು ಹಂಚಿಯಾಗುತ್ತಾಳೆ, ಸಾಹುಕಾರನ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಎಲ್ಲರೂ ಹೊರಗೆ ಹೋದ ದಿನ ಮುಖವಾಡ ತೆಗೆದು ಎಣ್ಣೆ ನೀರು ಹಾಕಿಕೊಳ್ಳುವಾಗ ಕಿರಿಯ ಮಗ ಕಾಣುತ್ತಾನೆ, ಮದುವೆಯಾಗುತ್ತದೆ. ಕಥೆ ಅಲ್ಲಿ ಮುಗಿಯುವುದಿಲ್ಲ. ಮನೆಗೆ ಬರುವ ಗುರುಸ್ವಾಮಿಯೊಬ್ಬನ ಕಣ್ಣು ಬಿದ್ದು, ಅವನ ಮಾಟ ಫಲಿಸದೆ, ಅವಳ ಮೇಲೆ ಅಪವಾದ ಹೊರಿಸಿ ಪೆಟ್ಟಿಗೆಯಲ್ಲಿ ಹಾಕಿಸುತ್ತಾನೆ. ಮುದುಕಿಯೊಬ್ಬಳು ಅವಳನ್ನು ಬಿಡಿಸಿ ಪೆಟ್ಟಿಗೆಯಲ್ಲಿ ಹುಚ್ಚುನಾಯಿ ಕೂರಿಸುತ್ತಾಳೆ, ಆಸೆಯಿಂದ ಮುಚ್ಚಳ ತೆರೆದ ಗುರುಸ್ವಾಮಿಯ ಗತಿ ಹೇಳಬೇಕಾದ್ದಿಲ್ಲ. ಕೊನೆಗೆ ಹಂಚಿಯ ಗುರುತು ಸಿಗುವುದು ಅವಳು ಮಾಡಿದ ಸಿಹಿಯೂಟದ ರುಚಿಯಿಂದ. ಅಲ್ಲಿ ಪಾದರಕ್ಷೆ, ಇಲ್ಲಿ ಕೈಗುಣ.

ಇದನ್ನು ಹುಡುಗಿಗೆ ಕನ್ನಡದಲ್ಲೇ ಹೇಳಿದೆವು. ಹಂಚು ಎಂದರೇನೆಂದು ಬಿಡಿಸಿ ಹೇಳಬೇಕಾಯಿತು, ಹಳೆಯ ಚಾಳುಗಳ ಮಾಡಿನ ಮೇಲಿನ ಮಂಗಳೂರು ಹಂಚು ಕೆಲಸಕ್ಕೆ ಬಂತು. ನಾಯಿ ಕಚ್ಚಿದಾಗ ಚಪ್ಪಾಳೆ ತಟ್ಟಿದಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಅಮ್ಮ ಮಗಳ ಮುಖ ಮುಚ್ಚಿದಳು. ಮಗನಿಗೆ ಯಾಕೆ ಬೈಯಲಿಲ್ಲ?" ಕೋಣೆಯಲ್ಲಿದ್ದ ಹಿರಿಯರಲ್ಲಿ ಯಾರೂ ಇದಕ್ಕೆ ತಟ್ಟನೆ ಉತ್ತರ ಕೊಡಲಿಲ್ಲ. ಅವಳ ತಾಯಿ ಮಾತ್ರ ಮೆಲ್ಲಗೆ, ಬೈದಿರುತ್ತಾಳೆ, ಕೇಳಿರುವುದಿಲ್ಲ ಎಂದರು. ತಾಯಿಯೂ ಮಗಳೂ ಒಂದು ಕಥೆಯ ಬಗ್ಗೆ ಸಮಸಮನಾಗಿ ವಾದಿಸಿದ್ದನ್ನು ನಾವು ಕಂಡದ್ದು ಅಂದೇ. ವಾದ ಅರ್ಧ ಗಂಟೆ ನಡೆಯಿತು, ಕನ್ನಡದಲ್ಲೇ ನಡೆಯಿತು.

ಮನೆಯೊಳಗಿನ ಅಪಾಯವನ್ನು ನಮ್ಮ ಅಜ್ಜಿಯರ ಕಥೆಗಳು ಮುಚ್ಚಿಡಲಿಲ್ಲ, ಫ್ರಾನ್ಸಿನವೂ ಮುಚ್ಚಿಡಲಿಲ್ಲ. ಪೆರೋ ಬರೆದ ಕತ್ತೆಚರ್ಮದ ರಾಜಕುಮಾರಿ ಓಡಿಹೋಗುವುದು ಸ್ವಂತ ತಂದೆಯ ದುರ್ಬುದ್ಧಿಗೆ ಹೆದರಿ, ಹಂಚಿ ಅವಳ ಹತ್ತಿರದ ಬಂಧು. ಮೆಕಿನ್ಲಿ ಅದನ್ನು 1993ರಲ್ಲಿ 'ಡಿಯರ್‌ಸ್ಕಿನ್' ಎಂಬ ಕಾದಂಬರಿಯಾಗಿಸಿದಳು, ಅದರ ಕ್ರೌರ್ಯ ಬೆಳೆದವರ ಗುಂಡಿಗೆಗೂ ಭಾರ. ಕನ್ನಡದಲ್ಲಿ ಜನಪದ ಕಥೆಯನ್ನು ನಾಟಕಕಾರರು ಎತ್ತಿಕೊಂಡಷ್ಟು ಧಾರಾಳವಾಗಿ ಕಾದಂಬರಿಕಾರರು ಎತ್ತಿಕೊಳ್ಳಲಿಲ್ಲ. ಕಂಬಾರರ 'ಸಿರಿಸಂಪಿಗೆ', ಕಾರ್ನಾಡರ 'ನಾಗಮಂಡಲ' (1988) ಇವೆ. ರಾಮಾನುಜನ್ ಸಂಗ್ರಹದ ಇನ್ನೊಂದು ಕನ್ನಡ ಕಥೆ, ಮೈಮೇಲೆ ನೀರು ಸುರಿದರೆ ಹೂಮರವಾಗುವ ಹುಡುಗಿಯದು, 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಕೈಯಲ್ಲಿ ಸಂಗೀತನಾಟಕವಾಗಿ ವಿಯೆನ್ನಾದಲ್ಲಿ ರಂಗಕ್ಕೇರಿತು. ಅದನ್ನು ನಮ್ಮ ಹದಿನಾಲ್ಕರ ಓದುಗಿಗೆ ಮುನ್ನೂರು ಪುಟಗಳಲ್ಲಿ ಹೇಳಬಲ್ಲ ಲೇಖಕಿ ಕನ್ನಡಕ್ಕೆ ಬೇಕು. ಒರಟು ಕೈಗಳು ಕೊಂಬೆ ಮುರಿದು, ನೀರು ಸರಿಯಾಗಿ ಸುರಿಯದೆ, 'ಅತ್ತ ಮರವೂ ಅಲ್ಲ, ಇತ್ತ ಹೆಣ್ಣೂ ಅಲ್ಲ' ಎಂಬಂತೆ ಬಿದ್ದುಕೊಳ್ಳುವ ಆ ಹುಡುಗಿಯ ಪಾಡಿನಲ್ಲಿ ಎಂಥ ಕಾದಂಬರಿಯಿದೆ!

'ನಾಗಮಂಡಲ'ದ ಚೌಕಟ್ಟಿನಲ್ಲೇ ಇನ್ನೊಂದು ಕನ್ನಡ ಕಥೆ ಅಡಗಿದೆ. ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಉಸಿರುಕಟ್ಟಿದ ಅವು ಒಂದು ದಿನ ಅವಳು ನಿದ್ದೆಯಲ್ಲಿದ್ದಾಗ ಬಾಯಿಂದ ಹೊರಬಿದ್ದು, ಕಥೆ ಒಂದು ಜೊತೆ ಪಾದರಕ್ಷೆಯಾಗಿ, ಹಾಡು ಗಂಡಸಿನ ಅಂಗಿಯಾಗಿ ಮನೆಯಲ್ಲಿ ಕುಳಿತವು. ಗಂಡ ಬಂದು, ಇವು ಯಾರವು ಎಂದು ಜಗಳ ತೆಗೆದ. ಅವಳಿಗೂ ಗೊತ್ತಿರಲಿಲ್ಲ. ಈ ಕಥೆಯನ್ನು ಹುಡುಗಿಗೆ ಹೇಳುವ ಕೆಲಸವನ್ನು ಮುಂದಿನ ತಿಂಗಳು ಬರಲಿರುವ ಅವಳ ಅಜ್ಜಿಗೇ ಬಿಟ್ಟಿದ್ದೇವೆ, ಅವರಿಗೆ ಬೇರೊಂದು ಪಾಠ ಬರುತ್ತದಂತೆ.

ಪುಸ್ತಕ ಕೊಳ್ಳಬಯಸುವವರಿಗೆ ಒಂದೆರಡು ಮಾತು. 'ಎಲಾ' ಹತ್ತು ಹನ್ನೊಂದರ ಮಕ್ಕಳಿಗೂ ಸಲ್ಲುತ್ತದೆ. 'ಬ್ಯೂಟಿ', 'ಗೂಸ್ ಗರ್ಲ್', 'ಸಿಂಡರ್' ಹನ್ನೆರಡರ ಮೇಲಿನವರಿಗೆ ಧಾರಾಳವಾಗಿ ಕೊಡಬಹುದು. 'ಸ್ಪಿನ್ನಿಂಗ್ ಸಿಲ್ವರ್' ಇನ್ನೂ ಒಂದೆರಡು ವರ್ಷ ಕಾಯಲಿ. ನೋವಿಕ್‌ಳದೇ ಆದ, ನೆಬ್ಯುಲಾ ಪ್ರಶಸ್ತಿ ಪಡೆದ 'ಅಪ್‌ರೂಟೆಡ್' (2015) ಮುಖಪುಟ ನೋಡಿ ಮಕ್ಕಳ ಪುಸ್ತಕವೆಂದು ತಿಳಿಯಬೇಡಿ, ಪ್ರಣಯದೃಶ್ಯಗಳು ಬೆಳೆದವರಿಗಾಗಿ ಬರೆದವು. 'ಡಿಯರ್‌ಸ್ಕಿನ್' ಅನ್ನು ತಾಯಂದಿರು ಮೊದಲು ತಾವೇ ಓದಲಿ. ನಮ್ಮ ಓದುಗಿ ಸದ್ಯ 'ರೋಸ್ ಡಾಟರ್' ಓದುತ್ತಿದ್ದಾಳೆ, ಅರ್ಧಕ್ಕೆ ಬಂದಿದ್ದಾಳೆ. ಗುಲಾಬಿ ತೋಟಗಾರಿಕೆ ಅತಿಯಾಯಿತೆಂದು ಈಗಾಗಲೇ ದೂರು ಬಂದಿದೆ.